ಬೆನ್ನ ಹಿಂದಿನ ಮನೆ

ನಮ್ಮ ಹಾರ್ಲೋ ಊರು ನೀರಿನಡಿ ಹೋಗುವ ಮುಂಚೆ, ಅಲ್ಲಿದ್ದವರಿಗೆಲ್ಲ ಎಜ್ರಾ ಕಿಟ್ರಿಜ್‌ನ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ಕಂದು ಕೋಟು, ಸ್ವಲ್ಪ ಇಳಿದ ಎಡಭುಜ, ಕುತ್ತಿಗೆಗೆ ಸುತ್ತಿದ ಬೂದು ಉಣ್ಣೆ ಪಟ್ಟಿ. ಹೊಳೆಯ ದಂಡೆಯಲ್ಲೋ ಯಾರದೋ ಹುಲ್ಲುಗಾವಲಿನಲ್ಲೋ ಆ ಬೆನ್ನು ಕಂಡರೆ ಸುತ್ತು ಹಾಕಿಕೊಂಡು ಹೋಗುತ್ತಿದ್ದೆವು. ಮಾತಾಡಿಸಿದರೆ ಉತ್ತರ ಬರುತ್ತಿರಲಿಲ್ಲ. ಬಂದರೆ, "ಆ ಕಡೆ ಸರಿ, ಬೆಳಕಿಗೆ ಅಡ್ಡ ನಿಂತಿದೀಯ" ಎಂಬಷ್ಟೇ.

ಹೋದ ಚಳಿಗಾಲ ಅವನು ತೀರಿಕೊಂಡ. ಊರು ಬಿಟ್ಟ ಮೇಲೆ ಗಿರಣಿಗಳ ಪಟ್ಟಣದಲ್ಲಿ ಒಂದು ಬಾಡಿಗೆ ಕೋಣೆ ಹಿಡಿದಿದ್ದ. ಅಲ್ಲಿ ಒಂದು ದಿನವೂ ಕುಂಚ ಮುಟ್ಟಲಿಲ್ಲ. ಮಣ್ಣು ಮಾಡಿಸಲು ಬಂದಿದ್ದ ಹೊಸ ಪಾದ್ರಿ, ಅವನಿಗಿನ್ನೂ ಮೀಸೆ ಸರಿಯಾಗಿ ಬಂದಿಲ್ಲ, ನನ್ನನ್ನು ಕೇಳಿದ: "ಚಿತ್ರಕಾರರಂತೆ. ಎಂಥ ಚಿತ್ರ ಬರೀತಿದ್ರು?"

"ಬೆಳಗಿನ ಚಿತ್ರ" ಎಂದೆ. ಅವನಿಗೆ ಅಷ್ಟು ಸಾಕಾಯಿತು, ಟೋಪಿ ಹಾಕಿಕೊಂಡು ಹೊರಟ. ನನಗೆ ಸಾಲಲಿಲ್ಲ. ಅದಕ್ಕೇ ಕೂತು ಹೇಳುತ್ತಿದ್ದೇನೆ.

ನಾನು ಹಲ್ಡಾ. ಅಪ್ಪನ ದಿನಸಿ ಅಂಗಡಿಯನ್ನೂ ಅದರ ಮೂಲೆಯಲ್ಲಿದ್ದ ಅಂಚೆ ಕಿಟಕಿಯನ್ನೂ ಊರು ಮುಳುಗುವವರೆಗೆ ನಡೆಸಿದವಳು. ಎಜ್ರಾ, ನಾನು, ಥರ್ಜಾ ಮೂವರೂ ಒಂದೇ ಕೋಣೆಯ ಶಾಲೆಯಲ್ಲಿ ಒಂದೇ ಒಲೆಯ ಸುತ್ತ ಕೂತು ಓದಿದವರು. ಥರ್ಜಾ ಮುಂದೆ ದಿಬ್ಬದ ಮೇಲಿನ ಬಾಡ್ವೆಲ್ ಮನೆಗೆ ಸೊಸೆಯಾಗಿ ಹೋದಳು. ಎಜ್ರಾನ ಅಪ್ಪ ಹೊಳೆ ಪಕ್ಕದ ಪೆಟ್ಟಿಗೆ ಕಾರ್ಖಾನೆಯಲ್ಲಿ ಮೊಳೆ ಹೊಡೆಯುತ್ತಿದ್ದ. ಮಗನೂ ಮೊಳೆ ಹೊಡೆಯಲಿ ಎಂದು ಅವನ ಆಸೆ. ಮಗ ಬಾಸ್ಟನ್ನಿಗೆ ಓಡಿಹೋಗಿ ಸಾರೋಟುಗಳ ಚಕ್ರಕ್ಕೆ ಬಣ್ಣದ ಗೆರೆ ಎಳೆಯುವ ಕೆಲಸಕ್ಕೆ ಸೇರಿದ.

ಅಲ್ಲಿ ಅವನ ತಲೆ ಕೆಟ್ಟಿತು ಎಂದು ಊರವರು ಹೇಳುತ್ತಿದ್ದರು. ಬೇಸಿಗೆಯಲ್ಲಿ ಸಮುದ್ರದ ದಂಡೆಯ ಹಳ್ಳಿಯೊಂದರಲ್ಲಿ, ಫ್ರಾನ್ಸಿಗೆ ಹೋಗಿ ಬಂದ ಮೇಷ್ಟರೊಬ್ಬರು ಬಯಲಿನಲ್ಲೇ ಚಿತ್ರ ಕಲಿಸುತ್ತಿದ್ದರಂತೆ. ಉರಿಬಿಸಿಲಲ್ಲಿ ಒಬ್ಬ ಹುಡುಗಿಯನ್ನು ಹ್ಯಾಟು ಹಾಕಿ ಕೂರಿಸುವುದು, ಶಿಷ್ಯರ ಕೈಗೆ ಕುಂಚ ಕೊಡದೆ ಗಾರೆ ಮೆತ್ತುವ ಚಪ್ಪಟೆ ಚಾಕು ಕೊಡುವುದು. ಮೂಗು ಬರೆಯಬೇಡಿ, ಕಣ್ಣು ಬರೆಯಬೇಡಿ, ಬಿಸಿಲು ಬಿದ್ದಲ್ಲಿ ಯಾವ ಬಣ್ಣ, ನೆರಳು ಬಿದ್ದಲ್ಲಿ ಯಾವ ಬಣ್ಣ, ಅಷ್ಟು ಮೆತ್ತಿ ಏಳಿ ಎನ್ನುವುದು. ಎಜ್ರಾ ಅಲ್ಲಿ ಎರಡು ಬೇಸಿಗೆ ಕಳೆದ. ಅಪ್ಪ ಹಾಸಿಗೆ ಹಿಡಿದಾಗ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಮದುವೆಯ ಮಾತೆತ್ತಿದರೆ ಆಕಾಶ ನೋಡುತ್ತಿದ್ದ. ಹೊಟ್ಟೆಪಾಡಿಗೆ ಕೊಟ್ಟಿಗೆಗಳಿಗೆ ಕೆಂಪು ಬಳಿಯುತ್ತಿದ್ದ, ಅಂಗಡಿಗಳಿಗೆ ಬೋರ್ಡು ಬರೆದುಕೊಡುತ್ತಿದ್ದ. ನನ್ನ ಅಂಗಡಿಯ ಬೋರ್ಡೂ ಅವನದೇ. ಅದೊಂದನ್ನು ಮಾತ್ರ ಎಲ್ಲರೂ ಹೊಗಳುತ್ತಿದ್ದರು, ಓದಲು ಬರುತ್ತಿತ್ತಲ್ಲ.

"ವಸ್ತುವಿನ ಹೆಸರು ಮರೀಬೇಕು ಹಲ್ಡಾ" ಎನ್ನುತ್ತಿದ್ದ. "ಹಸು ಅಂದ್ಕೊಂಡ ತಕ್ಷಣ ನೀನು ಹಸುನ ನೋಡ್ತೀಯ. ಅದರ ಬೆನ್ನ ಮೇಲಿರೋ ಬಣ್ಣ ನೋಡಲ್ಲ."

"ನಾನೂ ಹೆಸರು ಮರೆತು ಕೂತ್ರೆ ಹಾಲು ಯಾರು ಕರೀತಾರೋ?"

"ನೀನು ಹಾಲು ಕರಿ. ನನ್ನನ್ನ ಬಿಟ್ಟುಬಿಡು."

ಒಂದು ಸಲ ನಾನು ಅವನ ಚಿತ್ರ ನೋಡಿ ಗೇಲಿ ಮಾಡಿದೆ. ಹಿಮದ ಮೇಲೆ ನೀಲಿ, ನೇರಳೆ ಬಳಿದಿದ್ದ. "ಇದೇನೋ, ಹಿಮಕ್ಕೆ ಶಾಯಿ ಚೆಲ್ಲಿದೀಯ? ಹಿಮ ಬೆಳ್ಳಗಿರುತ್ತೆ, ಮಗುವಿಗೂ ಗೊತ್ತು." ಅವನು ನನ್ನ ತೋಳು ಹಿಡಿದು ಅಂಗಡಿಯ ಮೆಟ್ಟಿಲಿಗೆ ಎಳೆದುಕೊಂಡು ಹೋದ. ಕಣ್ಣನ್ನು ಅರ್ಧ ಮುಚ್ಚು ಎಂದ. ಬೇಲಿಯ ನೆರಳು ಬಿದ್ದ ಕಡೆ ನೋಡು, ಅದು ಹಿಮ ಅಂತ ನಿನಗೆ ಯಾರೂ ಹೇಳಿಲ್ಲ ಅಂದುಕೋ ಎಂದ. ನಿಂತೆ. ಕೊನೆಗೆ ಕಂಡಿತು. ಬಟ್ಟೆಗೆ ಹಾಕುವ ನೀಲಿಯನ್ನೇ ಕದಡಿದಂತೆ, ಬೇಲಿಯುದ್ದಕ್ಕೂ ನೀಲಿ. ಅವತ್ತಿನಿಂದ ಇವತ್ತಿನವರೆಗೆ ನನಗೆ ಹಿಮ ಬೆಳ್ಳಗೆ ಕಂಡಿಲ್ಲ. ಸುಮ್ಮನಿದ್ದ ಕಣ್ಣನ್ನು ಕೆಡಿಸಿಬಿಟ್ಟ ಎಂದು ಈಗಲೂ ಅವನ ಮೇಲೆ ನನಗೆ ಸಿಟ್ಟಿದೆ.

ಕಟ್ಟುನಿಟ್ಟಿನ ಮನುಷ್ಯ. ಅವನ ಬಣ್ಣದ ಪೆಟ್ಟಿಗೆಯಲ್ಲಿ ಕಪ್ಪು ಇರುತ್ತಿರಲಿಲ್ಲ. ಚಿತ್ರ ಎಲ್ಲಿ ಶುರುವಾಯಿತೋ ಅಲ್ಲೇ, ಒಂದೇ ಸಲಕ್ಕೆ, ಬೆಳಕು ಜರುಗುವ ಮೊದಲು ಮುಗಿಯಬೇಕು. ಮನೆಗೆ ತಂದ ಮೇಲೆ ಒಂದು ಗೀಟೂ ಹಾಕುವಂತಿಲ್ಲ. ನೆನಪಿನಿಂದ ಬರೆಯುವುದು ಅವನ ಪಾಲಿಗೆ ಸುಳ್ಳು ಹೇಳಿದ ಹಾಗೆ. "ಕಣ್ಣ ಮುಂದೆ ಇಲ್ಲದ್ದನ್ನ ಬರೆದ್ರೆ ಅದು ಬರೀ ಕಥೆ" ಎನ್ನುತ್ತಿದ್ದ. ಬರೆಯುವಾಗ ಹಿಂದೆ ತಿರುಗುವಂತೆಯೂ ಇಲ್ಲ. ಒಮ್ಮೆ ಕಣ್ಣು ಬೇರೆ ಕಡೆ ಹೋದರೆ ಹದವಾಗಿ ಹಿಡಿದಿದ್ದ ಬಣ್ಣಗಳೆಲ್ಲ ಕಲಸಿಹೋಗುತ್ತವಂತೆ.

ಇಷ್ಟೆಲ್ಲ ನಿಯಮದ ಮನುಷ್ಯ, ಕಣ್ಣ ಮುಂದೆ ಇದ್ದದ್ದನ್ನು ಮಾತ್ರ ಧಾರಾಳವಾಗಿ ಚಿತ್ರದಿಂದ ಬಿಟ್ಟುಬಿಡುತ್ತಿದ್ದ. ವಿದ್ಯುತ್ ಕಂಬ ಬಿಟ್ಟ. ಪೆಟ್ಟಿಗೆ ಕಾರ್ಖಾನೆಯ ಚಿಮಣಿ ಬಿಟ್ಟ. ಹಗ್ಗದ ಮೇಲಿನ ಬಟ್ಟೆ, ಕೊಟ್ಟಿಗೆ, ನಮ್ಮ ಮನೆಗಳು ಎಲ್ಲವನ್ನೂ ಬಿಟ್ಟ. ಯಾಕೋ ಎಂದು ಒಮ್ಮೆ ಕೇಳಿದ್ದೆ.

"ಮನೆ ಬಂದ್ರೆ ಅದು ಯಾರದೋ ಮನೆ ಆಗಿಬಿಡುತ್ತೆ ಹಲ್ಡಾ. ಆಮೇಲೆ ಅದು ಬೆಳಗ್ಗೆ ಆಗಿರಲ್ಲ."

ಆಗ ನನಗೆ ಆ ಮಾತು ಚೆನ್ನಾಗಿಯೇ ಕಂಡಿತ್ತು.

ಅವನು ಹೆಚ್ಚು ನಿಲ್ಲುತ್ತಿದ್ದದ್ದು ಥರ್ಜಾಳ ಅಂಗಳದಲ್ಲಿ. ಅಲ್ಲಿ ನಿಂತರೆ ಹೊಳೆಯ ತಿರುವು, ಆಚೆಯ ಗುಡ್ಡ, ಗುಡ್ಡದ ಮೈಮೇಲೆ ಇಳಿದು ಬರುವ ಬೆಳಗಿನ ಬಿಸಿಲು ಎಲ್ಲ ಒಟ್ಟಿಗೆ ಸಿಗುತ್ತಿತ್ತು. ಇನ್ನೊಂದು ಅನುಕೂಲವೂ ಇತ್ತು. ಸೂರ್ಯ ಮನೆಯ ಹಿಂದಿನಿಂದ ಏಳುತ್ತಿದ್ದ. ಮನೆಯ ನೆರಳೂ ಪಕ್ಕದ ದೊಡ್ಡ ಮೇಪಲ್ ಮರದ ನೆರಳೂ ಅಂಗಳದುದ್ದಕ್ಕೂ ಬೀಳುತ್ತಿದ್ದವು. ಕ್ಯಾನ್ವಾಸಿನ ಮೇಲೆ ನೇರ ಬಿಸಿಲು ಬಿದ್ದರೆ ಬಣ್ಣ ಮೋಸ ಮಾಡುತ್ತದೆ ಎಂದು ಅವನು ಆ ನೆರಳಿನಲ್ಲೇ ಬಾವಿಕಟ್ಟೆಯ ಹತ್ತಿರ ತನ್ನ ಮೂರು ಕಾಲಿನ ಸ್ಟ್ಯಾಂಡು ಊರುತ್ತಿದ್ದ. ಎದುರಿಗೆ ಗುಡ್ಡ, ಬೆನ್ನಿಗೆ ಮನೆ. ಥರ್ಜಾ ಚಳಿಗಾಲದಲ್ಲಿ ಅವನ ಕಾಲಡಿಗೆ ಕಾಯಿಸಿದ ಇಟ್ಟಿಗೆ ತಂದಿಡುತ್ತಿದ್ದಳು. ಕಾಫಿ ಕೊಡುತ್ತಿದ್ದಳು. ಅವನ ಸ್ಟ್ಯಾಂಡಿಗೆ ಸೌದೆ ಕೊಟ್ಟಿಗೆಯಲ್ಲಿ ಒಂದು ಮೂಲೆಯೂ ಇತ್ತು. ಅವಳ ಗಂಡ ಲೈಮನ್, "ನಮ್ಮನೆಗೆ ಗುಬ್ಬಚ್ಚಿ ಹೆದರಿಸೋ ಬೊಂಬೆ ಬಿಟ್ಟಿ ಸಿಕ್ಕಿದೆ" ಎಂದು ನಗುತ್ತಿದ್ದ.

ಅವರ ಒಬ್ಬಳೇ ಮಗಳು ನೆಟ್ಟಿ. ಮಹಡಿಯ ಕಿಟಕಿ ಅಂಗಳಕ್ಕೇ ತೆರೆದಿತ್ತು. ಬೆಳಗ್ಗೆ ಶಾಲೆಗೆ ಹೊರಡುವ ಮೊದಲು ಆ ಹುಡುಗಿ ಅಮ್ಮ ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ತಗಡಿನ ಟೋಪಿಯನ್ನು ತನ್ನ ಬೆರಳಿಗೆ ಸಿಕ್ಕಿಸಿಕೊಂಡು ಕಿಟಕಿಯ ಗಾಜಿಗೆ ಟಕ್ ಟಕ್ ಎಂದು ಬಡಿಯುತ್ತಿದ್ದಳು. ಎಜ್ರಾ ತಿರುಗುತ್ತಿರಲಿಲ್ಲ. ಕುಂಚ ಹಿಡಿದ ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿ ಇಳಿಸುತ್ತಿದ್ದ. ಹುಡುಗಿ ಬಿದ್ದು ಬಿದ್ದು ನಗುತ್ತಿದ್ದಳು; ಮತ್ತೆ ಬಡಿಯುತ್ತಿದ್ದಳು; ಮತ್ತೆ ಕೈ ಏಳುತ್ತಿತ್ತು. "ನಾನು ಒಂದಿನ ಅವನನ್ನ ತಿರುಗಿಸ್ತೀನಿ ನೋಡ್ತಿರು" ಎಂದು ನನ್ನ ಅಂಗಡಿಯಲ್ಲಿ ಪಂಥ ಕಟ್ಟಿದ್ದಳು.

ಒಂಬತ್ತು ತುಂಬಿದ ಚಳಿಗಾಲ ಗಂಟಲುಮಾರಿ ಅವಳನ್ನು ಒಯ್ದಿತು. ಆ ಮಹಡಿಯ ಕೋಣೆಯಲ್ಲೇ.

ಎಜ್ರಾ ಮತ್ತೆ ಆ ಅಂಗಳಕ್ಕೆ ಹೋಗಲು ಬಹಳ ಕಾಲ ಹಿಡಿಯಿತು. ಥರ್ಜಾಳೇ ಬಂದು ಕರೆದಳು: "ಅಂಗಳ ಖಾಲಿ ಇದ್ರೆ ನನಗೆ ಇನ್ನೂ ಕಷ್ಟ ಆಗುತ್ತೆ ಕಣೋ, ಬಾ." ಹೋದ. ಮೊದಲ ಬೆಳಗ್ಗೆ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಅವನ ಕೈ ತಾನಾಗಿ ಮೇಲೆದ್ದು ಇಳಿಯಿತಂತೆ. ಯಾರೂ ಬಡಿದಿರಲಿಲ್ಲ. ಥರ್ಜಾ ಮಹಡಿಯ ಕಿಟಕಿಯಿಂದ ನೋಡಿದಳು. ಇದನ್ನು ನನಗೆ ಹೇಳುವಾಗ ಅವಳು ಅಳಲಿಲ್ಲ, ನಾನು ಅತ್ತೆ.

ಲೈಮನ್ ತೀರಿಹೋದ. ವರ್ಷಗಳು ಹೋದವು. ನಾವೂ ಮುದುಕರಾದೆವು. ಆಮೇಲೆ ನೀರಿನ ಕಚೇರಿಯವರು ಬಂದರು.

ದೂರದ ದೊಡ್ಡ ಪಟ್ಟಣಕ್ಕೆ ಕುಡಿಯಲು ನೀರು ಬೇಕಿತ್ತು, ನಮ್ಮ ಕಣಿವೆ ಬಟ್ಟಲಿನ ಹಾಗಿತ್ತು, ಇಷ್ಟೇ ವಿಷಯ. ಮೊದಲು ಸ್ಮಶಾನ ಅಗೆದರು. ಸತ್ತವರನ್ನೆಲ್ಲ ಪೆಟ್ಟಿಗೆಗಳಲ್ಲಿ ತುಂಬಿ ಇನ್ನೊಂದು ಊರಿನ ಹೊಸ ಸ್ಮಶಾನಕ್ಕೆ ಸಾಗಿಸಿದರು. "ನೆಟ್ಟಿಗೆ ಅಲ್ಲಿ ಯಾರೂ ಗೊತ್ತಿಲ್ಲ ಹಲ್ಡಾ" ಎಂದಳು ಥರ್ಜಾ. ಆಮೇಲೆ ಮರ ಕಡಿಯುವವರು ಬಂದರು. ನೀರು ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗೆ ಒಂದು ಕಡ್ಡಿಯೂ ನಿಲ್ಲಬಾರದೆಂದು ಅಪ್ಪಣೆ. ಕೊಳ್ಳುವವರಿಲ್ಲದ ಮನೆಗಳನ್ನು ಕೊನೆಗೆ ಸುಡುತ್ತೇವೆ ಎಂದರು.

ಚದುರಿಹೋಗುವ ಮುಂಚೆ ಎಲ್ಲರೂ ಒಂದು ಸಲ ಒಟ್ಟಿಗೆ ಉಣ್ಣೋಣ ಎಂದು ಆ ಶರತ್ಕಾಲ ಊರಿನ ಸಭಾಭವನದಲ್ಲಿ ಊಟ ಇಟ್ಟೆವು. ಕಾಕಂಬಿ ಹಾಕಿ ರಾತ್ರಿಯಿಡೀ ಬೇಯಿಸಿದ ಬೀನ್ಸ್ ಕಾಳು, ಕಂದು ಬ್ರೆಡ್ಡು, ಸೇಬಿನ ಪೈ. ಗೋಡೆಗಳು ಬೋಳಾಗಿವೆ, ಎಜ್ರಾನ ಚಿತ್ರಗಳನ್ನು ತೂಗುಹಾಕೋಣ, ಊರನ್ನು ಕೊನೆಯ ಸಲ ಕಣ್ತುಂಬ ನೋಡಿದ ಹಾಗೂ ಆಗುತ್ತದೆ ಎಂದವಳು ನಾನೇ. ಎಜ್ರಾಗೆ ಹಿಗ್ಗೋ ಹಿಗ್ಗು. ಮಾರಾಟವಾಗದೆ ಉಳಿದಿದ್ದ ಚಿತ್ರಗಳನ್ನೆಲ್ಲ ಗಾಡಿಯಲ್ಲಿ ಹೇರಿಕೊಂಡು ಬಂದು ಗೋಡೆ ತುಂಬ ಹಾಕಿದ. ಜೀವನದಲ್ಲಿ ಮೊದಲ ಸಲ ಕೋಟು ಉಜ್ಜಿಕೊಂಡು ಬಂದಿದ್ದ.

ಚಿತ್ರಗಳು ಚೆನ್ನಾಗಿದ್ದವು. ನಾನು ಸುಳ್ಳು ಹೇಳುವವಳಲ್ಲ. ಆ ದೀಪದ ಬೆಳಕಿನಲ್ಲೂ ಮಂಜು ಏಳುವುದು ಕಾಣುತ್ತಿತ್ತು, ಮಾರ್ಚ್ ತಿಂಗಳ ಹಿಮ ಒಳಗೊಳಗೇ ಕರಗುವುದು ಕಾಣುತ್ತಿತ್ತು. ಜನ ತಟ್ಟೆ ಹಿಡಿದುಕೊಂಡು ಒಂದೊಂದರ ಮುಂದೂ ನಿಂತರು. ಆಮೇಲೆ ಬಗ್ಗಿ ನೋಡತೊಡಗಿದರು. ಏನೋ ಹುಡುಕುತ್ತಿದ್ದರು.

ಗಾಡಿ ಹೊಡೆಯುವ ಸೈಲಸ್ ಮೊದಲು ಬಾಯಿಬಿಟ್ಟ. "ಎಜ್ರಾ, ಇದು ಹೊಳೆಯ ಸೇತುವೆ ಹತ್ತಿರ ತಾನೆ? ನನ್ನ ಕೊಟ್ಟಿಗೆ ಎಲ್ಲಯ್ಯಾ?"

"ಆ ಬಿಳೀ ಮರಗಳಿವೆಯಲ್ಲ, ಅಲ್ಲಿರಬೇಕಿತ್ತು."

"ಇರಬೇಕಿತ್ತು ಅಂದ್ರೇನಯ್ಯಾ? ಅಲ್ಲೇ ಇದೆ! ಈಗ ತಾನೆ ಹಸು ಕಟ್ಟಿ ಬಂದಿದೀನಿ."

"ಚಿತ್ರಕ್ಕೆ ಬೇಕಿರಲಿಲ್ಲ ಸೈಲಸ್."

"ನೋಡ್ರಪ್ಪಾ ನ್ಯಾಯಾನ! ನೀರಿನ ಕಚೇರಿಯವರಿಗಿಂತ ಮುಂಚೇನೇ ಇವನು ನಮ್ಮನ್ನೆಲ್ಲ ಎತ್ತಂಗಡಿ ಮಾಡಿಬಿಟ್ಟಿದಾನೆ!"

ಎಲ್ಲರೂ ಘೊಳ್ಳೆಂದು ನಕ್ಕರು. ನಗು ಮುಗಿದ ಮೇಲೆ ಮತ್ತೆ ಗೋಡೆಯ ಕಡೆ ತಿರುಗಿದರು. ನಾನೂ ನೋಡಿದೆ. ಅಷ್ಟು ಚಿತ್ರಗಳಲ್ಲಿ ನನ್ನ ಅಂಗಡಿ ಇಲ್ಲ, ಶಾಲೆ ಇಲ್ಲ, ಯಾರ ಬಾಗಿಲೂ ಇಲ್ಲ. ಗುಡ್ಡ, ಹೊಳೆ, ಮಂಜು, ಬಿಸಿಲು. ಜನ ಬರುವುದಕ್ಕೆ ಮುಂಚೆ ಈ ಕಣಿವೆ ಹೇಗಿತ್ತೋ ಹಾಗೆ.

ಥರ್ಜಾ ಮಾತ್ರ ಇನ್ನೂ ಗೋಡೆಯುದ್ದಕ್ಕೂ ನಡೆಯುತ್ತಿದ್ದಳು. ಎಜ್ರಾ ಅವಳ ಹಿಂದೆಯೇ ಹೋದ.

"ಇದು ನನ್ನ ಅಂಗಳದಿಂದ ಬರೆದಿದ್ದು ಅಲ್ವೇನೋ?"

"ಹೂಂ. ಬಾವಿಕಟ್ಟೆಯಿಂದ."

"ಇದು?"

"ಅದೂನೂ."

"ಇದೂ, ಇದೂ ಅಲ್ಲಿಂದಾನೇ. ಎಲ್ಲದ್ರಲ್ಲೂ ನನ್ನ ಮನೆ ನಿನ್ನ ಬೆನ್ನ ಹಿಂದೆ ಇದೆ." ಅವಳ ದನಿ ಏರಲಿಲ್ಲ. "ನೆಟ್ಟಿ ಚಿಕ್ಕವಳಿದ್ದಾಗ ಒಬ್ಬ ಫೋಟೋದವನು ಬಂದಿದ್ದ. ಮನೆದೊಂದು ತೆಗೀತೀನಿ, ಮಗೂನ ಕಿಟಕಿಯಲ್ಲಿ ನಿಲ್ಸಿ ಅಂದ. ನಮ್ಮ ಅಂಗಳದಲ್ಲೇ ಚಿತ್ರಗಾರ ನಿಂತಿರ್ತಾನೆ, ನಿನ್ನ ಫೋಟೋ ಯಾಕಪ್ಪಾ ಅಂತ ಕಳಿಸಿಬಿಟ್ಟೆ."

ಎಜ್ರಾನ ಮುಖ ಸುಣ್ಣದಂತಾಯಿತು.

"ಒಂದ್ಸಲ ತಿರುಗೋ" ಎಂದಳು ಥರ್ಜಾ. "ಸುಡೋಕೆ ಮುಂಚೆ ಒಂದೇ ಒಂದು ಸಲ ತಿರುಗಿ ಬರಿ. ಮನೆ, ಮೇಪಲ್ ಮರ, ಮೇಲಿನ ಕಿಟಕಿ. ತಂಗಿ ಮಗಳ ಮನೆ ಮಹಡಿಗೆ ಹೋಗ್ತಿದೀನಿ. ಅಲ್ಲಿ ಗೋಡೆಗೆ ಹಾಕ್ಕೊಳ್ಳೋಕೆ ಅದೊಂದು ಇದ್ರೆ ಸಾಕು, ಇನ್ನೇನೂ ಕೇಳಲ್ಲ."

ಅವನು ತಲೆಯಾಡಿಸಿದ. ಮನಸಾರೆ ಒಪ್ಪಿದ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮರುದಿನವೇ ಹೋಗಿ ಬರೆದು ಮುಗಿಸಬೇಕಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಗೇ ಮಾಡುತ್ತಿದ್ದರು. ಎಜ್ರಾ ಹೋದ, ಅಂಗಳದಲ್ಲಿ ನಿಂತ, ಮನೆಯ ಕಡೆ ಮುಖ ಮಾಡಿದ, ಕಣ್ಣು ಅರ್ಧ ಮುಚ್ಚಿ ನೋಡಿದ. ಬೆಳಕು ಚಪ್ಪಟೆ ಎಂದ. ಎಲೆ ಉದುರಿದ ಮರ, ಬೂದು ಆಕಾಶ, ಗೋಡೆಯಲ್ಲಿ ಜೀವವೇ ಇಲ್ಲ. ಮೊದಲ ಹಿಮ ಬೀಳಲಿ ಎಂದ. ಮಧ್ಯಾಹ್ನದ ಮೇಲೆ ಬಿಸಿಲು ಮನೆಯ ಮುಂಭಾಗಕ್ಕೆ ತಿರುಗಿದಾಗ ನೆಲದ ಹಿಮದಿಂದ ಬೆಳಕು ಮೇಲಕ್ಕೆ ಪುಟಿದು ಗೋಡೆಗೆ ಬೀಳುತ್ತದೆ, ಮರದ ಕೊಂಬೆಗಳ ನೆರಳು ಮಹಡಿಯವರೆಗೂ ಹತ್ತುತ್ತದೆ, ಆಗ ಆ ಕಿಟಕಿ ಒಳಗಿನಿಂದ ದೀಪ ಹಚ್ಚಿದಂತೆ ಕಾಣುತ್ತದೆ ಎಂದು ನನ್ನ ಅಂಗಡಿಗೆ ಬಂದು ಉತ್ಸಾಹದಿಂದ ವಿವರಿಸಿದ. ಅವನನ್ನು ಅಷ್ಟು ಖುಷಿಯಾಗಿ ನಾನು ಎಂದೂ ನೋಡಿರಲಿಲ್ಲ.

"ಸಿಕ್ಕಿದ ಬೆಳಕಲ್ಲೇ ಬರೆದು ಕೊಟ್ಬಿಡೋ" ಎಂದೆ. "ಮರ ಕಡಿಯೋರು ಹೊಳೆ ದಾಟಿದಾರೆ."

"ದಿಬ್ಬಕ್ಕೆ ಬರೋದು ಜನವರಿ ಆಗುತ್ತೆ ಅಂದಿದಾರೆ. ಒಂದೇ ಸಲ ಬರೆಯೋದು ಹಲ್ಡಾ. ಅವಳಿಗೆ ಕೊಡೋದನ್ನ ಹೇಗೆ ಹೇಗೋ ಕೊಡ್ಲಾ?"

ನನಗೂ ಹೌದೆನ್ನಿಸಿತು. ಥರ್ಜಾಳೂ, "ಅವನಿಗೆ ಗೊತ್ತಿರುತ್ತೆ ಬಿಡೇ" ಎಂದಳು. ಹೀಗೆ ಮೂವರೂ ಹಿಮಕ್ಕೆ ಕಾದು ಕೂತೆವು.

ಹಿಮ ತಡವಾಯಿತು. ಮರ ಕಡಿಯುವವರು ತಡಮಾಡಲಿಲ್ಲ. ಅವರ ಲೆಕ್ಕ ಏನು ಬದಲಾಯಿತೋ, ಡಿಸೆಂಬರ್‌ನಲ್ಲೇ ಒಂದು ಬೆಳಗ್ಗೆ ದಿಬ್ಬ ಹತ್ತಿದರು. ಥರ್ಜಾ ಬಾಗಿಲಲ್ಲಿ ನಿಂತು ಕೈಮುಗಿಯುವುದೊಂದು ಬಾಕಿ. ಕೆಲಸದವರು ಒಳ್ಳೆಯವರೇ, ಟೋಪಿ ತೆಗೆದು ಕ್ಷಮೆ ಕೇಳಿ, ಕ್ಷಮೆ ಕೇಳಿದ ಮೇಲೆ ಮರ ಕಡಿದರು. ಮೇಪಲ್ ಮಧ್ಯಾಹ್ನದೊಳಗೆ ಬಿತ್ತು. ಅದಾಗಿ ಎರಡು ದಿನಕ್ಕೆ ಹಿಮ ಬಿತ್ತು, ಎಜ್ರಾ ಹೇಳಿದಂಥದೇ ಹಿಮ.

ಅವನು ಹೋದ. ಈ ಸಲ ಸ್ಟ್ಯಾಂಡನ್ನು ಮನೆಯ ಕಡೆ ತಿರುಗಿಸಿ ಊರಿದ. ಆದರೆ ಆ ಮನೆ ಅವನು ಕಾದ ಮನೆಯಾಗಿ ಉಳಿದಿರಲಿಲ್ಲ. ಮರದ ಮರೆ ಹೋಗಿ ಬಣ್ಣ ಎದ್ದ ಗೋಡೆ ಬಟಾಬಯಲಾಗಿತ್ತು, ಸುತ್ತ ಗುಡ್ಡದವರೆಗೂ ಬರೀ ಮೋಟುಗಳು, ಹಿಮದ ಬೆಳಕು ಎಲ್ಲ ಕಡೆಯಿಂದ ಬಡಿದು ಕಿಟಕಿಯ ಗಾಜು ತಗಡಿನಂತೆ ಕಾಣುತ್ತಿತ್ತು. ಅವನು ಕಂಡದ್ದನ್ನು ಕಂಡ ಹಾಗೆ ಬರೆದ. ಒಂದೇ ಸಲಕ್ಕೆ, ಒಂದು ಸುಳ್ಳು ಗೀಟೂ ಇಲ್ಲದೆ. ಅಂದು ನಾನೂ ಅಲ್ಲಿದ್ದೆ. ಪೈ ತೆಗೆದುಕೊಂಡು ಹೋಗಿದ್ದೆ.

ಥರ್ಜಾ ಚಿತ್ರ ನೋಡಿ, "ಇದು ನೀರಿನ ಕಚೇರಿಯವರ ಮನೆ. ನನ್ನದಲ್ಲ" ಎಂದಳು. "ಮರ ಹಾಕು."

"ಮರ ಇಲ್ಲ ಥರ್ಜಾ."

"ಇತ್ತಲ್ಲ. ಹಾಕು. ಕಿಟಕೀಲಿ ಅವಳನ್ನ ನಿಲ್ಸು."

"ಕಣ್ಣ ಮುಂದೆ ಇಲ್ಲದ್ದನ್ನ ಬರೆಯೋಕೆ ನನಗೆ ಬರಲ್ಲ. ಎಂದೂ ಬರೆದಿಲ್ಲ. ನಿನಗೆ ಗೊತ್ತು."

ಥರ್ಜಾ ಅಷ್ಟು ವರ್ಷದಲ್ಲಿ ಮೊದಲ ಸಲ ದನಿ ಎತ್ತಿದಳು. "ಇದ್ದದ್ದನ್ನ ಬಿಡೋಕೆ ಬರ್ತಿತ್ತಲ್ಲೋ ನಿನಗೆ! ನನ್ನ ಮನೆ ಇತ್ತು, ಸೈಲಸ್ ಕೊಟ್ಟಿಗೆ ಇತ್ತು, ನನ್ನ ಮಗಳು ಇದ್ಲು. ಎಲ್ಲಾನೂ ಬಿಟ್ಟೆ, ಆಗ ಯಾವ ನಿಯಮಾನೂ ಅಡ್ಡ ಬರಲಿಲ್ಲ. ಇವತ್ತು ಇಲ್ಲದ್ದನ್ನ ಒಂದು ಹಾಕು ಅಂದ್ರೆ ನಿನಗೆ ಸತ್ಯ ನೆನಪಾಯ್ತಾ?"

ಎಜ್ರಾ ಕುಂಚ ಒರೆಸಿ ಪೆಟ್ಟಿಗೆಗೆ ಹಾಕಿದ. ಸ್ಟ್ಯಾಂಡು ಮಡಚಿಕೊಂಡು ದಿಬ್ಬ ಇಳಿದು ಹೋದ. ನಾನು ಪೈ ಹಿಡಿದುಕೊಂಡು ನಿಂತಿದ್ದೆ. ಅವಳು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು, ಆದರೂ ಅವನ ಬೆನ್ನು ಮರೆಯಾಗುವವರೆಗೆ ನೋಡಿದೆ.

ಆಮೇಲೆ ಅವನು ಎಂದೂ ಮಾಡದ್ದನ್ನು ಮಾಡಿದ. ತನ್ನ ಕೊಟ್ಟಿಗೆಯೊಳಗೆ, ಒಲೆಯ ಪಕ್ಕ, ನಾಲ್ಕು ಗೋಡೆಗಳ ನಡುವೆ ಕ್ಯಾನ್ವಾಸು ನಿಲ್ಲಿಸಿದ. ಕೆಲವು ದಿನ ಕಳೆದ ಮೇಲೆ ನನ್ನನ್ನು ಕಳಿಸಿ ಥರ್ಜಾಳನ್ನು ಕರೆಸಿಕೊಂಡ. ನಾವಿಬ್ಬರೂ ಹೋದೆವು. ಮುದುಕ ಕುಗ್ಗಿಹೋಗಿದ್ದ.

"ಮರ ಹೇಗಿತ್ತು ಥರ್ಜಾ? ಕೊಂಬೆ ಯಾವ ಕಡೆ ಒಡೀತಿತ್ತು?"

"ನಿನಗೆ ಗೊತ್ತಿಲ್ವಾ?"

"ಅದು ನನ್ನ ಹಿಂದೆ ಇತ್ತು" ಎಂದ. ಆಮೇಲೆ ಕೇಳಿದ: "ನೆಟ್ಟಿ ಹೇಗಿದ್ಲು?"

ಅಂಗಡಿಯಲ್ಲಿ, ಚರ್ಚಿನಲ್ಲಿ ಅವಳನ್ನು ನೂರು ಸಲ ಕಂಡಿದ್ದ. ಆದರೆ ಮೂಗು ಕಣ್ಣು ಬರೆಯಬೇಡ ಎಂದು ಕಲಿತ ಕಣ್ಣು, ಬಿಸಿಲಲ್ಲಿ ಓಡುವ ಒಂದು ಹಳದಿ ಚುಕ್ಕೆಯನ್ನಷ್ಟೇ ಇಟ್ಟುಕೊಂಡಿತ್ತು. ಥರ್ಜಾ ಸಿಟ್ಟಾಗಲಿಲ್ಲ. ಕೂತು ಹೇಳಿದಳು. ಕೂದಲು ಹೀಗೆ, ಹಣೆ ಹೀಗೆ, ಮುಂದಿನ ಹಲ್ಲು ಸ್ವಲ್ಪ ಓರೆ, ನಗುವಾಗ ಎಡಗಣ್ಣು ಮೊದಲು ಮುಚ್ಚುತ್ತಿತ್ತು. ಅವನು ಕೇಳಿ ಕೇಳಿ ಬರೆದ. ಅವಳು ದಿನವೂ ಬಂದಳು, ದಿನವೂ ಹೇಳಿದಳು, ಅವನು ದಿನವೂ ಅಳಿಸಿ ಬರೆದ. ಅಷ್ಟು ದಿನ ನನಗೂ ಒಂದು ಆಸೆ ಹುಟ್ಟಿತ್ತು.

ಮುಗಿದ ದಿನ ಅವನು ಚಿತ್ರವನ್ನು ನಮ್ಮ ಕಡೆ ತಿರುಗಿಸಿದ. ಮನೆ ಇತ್ತು, ಮರ ಇತ್ತು, ಕಿಟಕಿಯಲ್ಲಿ ಒಂದು ಹುಡುಗಿ ಇದ್ದಳು. ಸೋಪಿನ ಡಬ್ಬದ ಮೇಲೆ ಇರುತ್ತಾಳಲ್ಲ, ಅಂಥ ಹುಡುಗಿ. ಗಾಳಿ ಇಲ್ಲ, ಹೊತ್ತು ಇಲ್ಲ, ಅದು ಬೆಳಗೋ ಸಂಜೆಯೋ ತಿಳಿಯದು. ಬಯಲಿನಲ್ಲಿ ಅಷ್ಟು ಗಟ್ಟಿಯಾಗಿದ್ದ ಕೈ ಒಳಗೆ ಬಂದು ಸತ್ತುಹೋಗಿತ್ತು.

ಥರ್ಜಾ ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ ಎಜ್ರಾ" ಎಂದಳು. "ತುಂಬಾ ಕಷ್ಟಪಟ್ಟಿದೀಯ."

ಅವಳು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ನಾವು ಬಾಗಿಲು ದಾಟುವಾಗಲೇ ಒಳಗೆ ಚಾಕುವಿನಿಂದ ಬಣ್ಣ ಹೆರೆಯುವ ಸದ್ದು ಕೇಳಿಸಿತು. ಥರ್ಜಾ ಹಿಂದೆ ತಿರುಗಲಿಲ್ಲ.

ಮಾರ್ಚ್‌ನಲ್ಲಿ ಮನೆ ಸುಡುವ ದಿನ ಬಂತು. ಥರ್ಜಾಳ ಸಾಮಾನು ಸೈಲಸ್‌ನ ಗಾಡಿ ಏರಿತ್ತು. ನಾವು ಬಾವಿಕಟ್ಟೆಯ ಹತ್ತಿರ ನಿಂತಿದ್ದೆವು. ಎಜ್ರಾ ಕಂಕುಳಲ್ಲಿ ಒಂದು ಹಳೆಯ ಚಿತ್ರ ಇರುಕಿಕೊಂಡು ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದ. ನೆಟ್ಟಿ ಇದ್ದ ಕಾಲದ ಚಿತ್ರ. ಹೊಳೆ, ಗುಡ್ಡ, ಹಿಮ. ಅವನ ಬೆರಳು ಚಿತ್ರದ ಕೆಳಭಾಗಕ್ಕೆ ಹೋಯಿತು. ಅಲ್ಲಿ ಹಿಮದ ಮೇಲೆ ನೀಲಿ ನೇರಳೆಯ ಒಂದು ದೊಡ್ಡ ಪಟ್ಟೆ ಬಿದ್ದಿತ್ತು.

"ನೋಡು ಥರ್ಜಾ. ಇದು ನೆರಳು. ನಿನ್ನ ಮನೇದು. ಇದು ಸೂರಿನ ಅಂಚು. ಇದು ಚಿಮಣಿ, ಇಲ್ಲಿ ಹೊಗೆ. ಈ ಗೀಟುಗಳೆಲ್ಲ ಮೇಪಲ್. ಇದನ್ನ ನಾನು ಬಿಟ್ಟಿಲ್ಲ. ಕಣ್ಣಾರೆ ನೋಡಿ ಬರೆದಿದೀನಿ. ಅವಳು ಒಳಗೆ ಇದ್ಲು ಆಗ. ಬಡೀತಿದ್ಲು."

ನಿಜ. ಸೂರು ಇತ್ತು, ಚಿಮಣಿ ಇತ್ತು, ಹೊಗೆಯೂ ಇತ್ತು. ಥರ್ಜಾ ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಸೂರಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದಳು. ಅಲ್ಲಿಂದ ಕೆಳಗೆ, ಮಹಡಿ ಇರಬೇಕಾದಲ್ಲಿಗೆ ಹೆಬ್ಬೆರಳು ಬಂತು, ಅಲ್ಲಿಯೇ ನಿಂತಿತು.

"ನೆರಳಿಗೆ ಕಿಟಕಿ ಇರಲ್ಲ ಕಣೋ" ಎಂದಳು. ಚಿತ್ರವನ್ನು ನನ್ನ ಕೈಗೆ ಕೊಟ್ಟಳು. ಈಗಲೂ ನನ್ನ ಹತ್ತಿರವೇ ಇದೆ.

ಕೆಲಸದವರು ಒಳಗೆ ಹುಲ್ಲು ತುಂಬಿ ಬೆಂಕಿ ಇಟ್ಟರು. ಒಣಗಿದ ಮರ, ಬೇಗ ಹಿಡಿಯಿತು. ಎಜ್ರಾ ಮನೆಗೆ ಮುಖ ಮಾಡಿ, ಕಣ್ಣು ಪೂರ್ತಿ ತೆರೆದು, ಬರಿಗೈಯಲ್ಲಿ ನಿಂತಿದ್ದ. ಬೆಂಕಿ ಮೆಟ್ಟಿಲು ಹತ್ತಿ ಮಹಡಿಗೆ ಹೋಯಿತು. ಝಳಕ್ಕೆ ಆ ಕಿಟಕಿಯ ಗಾಜು ಬಿರುಕು ಬಿಡತೊಡಗಿತು: ಟಕ್. ಸ್ವಲ್ಪ ತಡೆದು ಮತ್ತೆ, ಟಕ್ ಟಕ್.

ಎಜ್ರಾನ ಬಲಗೈ ಮೇಲೆದ್ದಿತು. ತಲೆಯ ಮೇಲಕ್ಕೆ ಎದ್ದದ್ದು ಅಲ್ಲೇ ನಿಂತುಬಿಟ್ಟಿತು.

ಥರ್ಜಾ ಹತ್ತಿರ ಹೋಗಿ ಆ ಕೈ ಹಿಡಿದು ಮೆಲ್ಲಗೆ ಕೆಳಗೆ ತಂದಳು.

"ಕೈ ಇಳಿಸೋ ಎಜ್ರಾ. ಅಲ್ಲಿ ಯಾರೂ ಇಲ್ಲ."